ಪುಸ್ತಕಗಳು ಮಾಡಿದ ಕೆಲಸ



ಬೇತಮಂಗಲದ ಕೆರೆ ನಮಗೆಲ್ಲ ಗೊತ್ತು. ಪಾಲಾರ್ ನದಿಯ ನೀರು ಇಲ್ಲಿ ನಿಲ್ಲುತ್ತದೆ. ಗಣಿ ನಡೆಯುವ ಕಾಲದಲ್ಲಿ ಈ ನೀರು ಪೈಪಿನಲ್ಲಿ ಕೆ.ಜಿ.ಎಫ್.ಗೆ ಹೋಗುತ್ತಿತ್ತು. ಅಲ್ಲಿ ಗಣಿ ಯಾಕೆ ಬಂತು? ನೆಲದಲ್ಲಿ ಚಿನ್ನ ಇತ್ತು, ಅದಕ್ಕೇ ಬಂತು ಅಂತೀರಿ. ಸರಿ. ಆದರೆ ಚಿನ್ನ ಎಷ್ಟೋ ಕಾಲದಿಂದ ಅಲ್ಲೇ ಇತ್ತು. ಹಿಂದಿನವರೂ ಅಗೆದಿದ್ದರು. ದೊಡ್ಡ ಗಣಿ ಬಂದದ್ದು ಮಾತ್ರ 1880ರ ನಂತರ. ಇದರ ಹಿಂದೆ ಒಂದು ಬರಹದ ಕಥೆ ಇದೆ.

ನಾಲ್ಕು ಪುಟದ ಬರಹ

1799ರಲ್ಲಿ ಟಿಪ್ಪು ಸುಲ್ತಾನ್ ಯುದ್ಧದಲ್ಲಿ ಸತ್ತರು. ಬ್ರಿಟಿಷರು ಮೈಸೂರು ರಾಜ್ಯದ ಗಡಿ ಅಳೆಯಲು ಹೊರಟರು. ಆ ಕೆಲಸಕ್ಕೆ ಜಾನ್ ವಾರನ್ ಎಂಬ ಅಧಿಕಾರಿ 1802ರಲ್ಲಿ ನಮ್ಮ ಕಡೆ ಬಂದ. ಇಲ್ಲಿನ ಮಣ್ಣಿನಲ್ಲಿ ಚಿನ್ನ ಸಿಗುತ್ತದೆ ಅಂತ ಅವನ ಕಿವಿಗೆ ಬಿತ್ತು. ತೋರಿಸಿದವರಿಗೆ ಬಹುಮಾನ ಕೊಡುತ್ತೇನೆ ಅಂದ.

ತೋರಿಸಿದವರು ಯಾರು ಗೊತ್ತೆ? ಉರಿಗಾಂ ಹಳ್ಳಿಯ ಹೆಂಗಸರು. ಪೊರಕೆ, ಬುಟ್ಟಿ ಹಿಡಿದು ಹಳ್ಳಕ್ಕೆ ಇಳಿದರು. ಮಣ್ಣು ಗುಡಿಸಿ ತುಂಬಿದರು. ನೀರಿನಲ್ಲಿ ತೊಳೆದರು. ಮಣ್ಣು ಹೋಯಿತು, ತಳದಲ್ಲಿ ಚಿನ್ನದ ಕಣ ಉಳಿಯಿತು. ಮಾರಿಕುಪ್ಪಂನಲ್ಲಿ ಗಂಡಸರು ಗುಂಡಿಗೆ ಇಳಿದು ಕಲ್ಲು ತೆಗೆಯುತ್ತಿದ್ದರು. ಅದನ್ನು ಬಂಡೆಯ ಮೇಲೆ ಹಾಕಿ ಕುಟ್ಟಿ ಪುಡಿ ಮಾಡುವುದು ಅಲ್ಲೂ ಹೆಂಗಸರ ಕೆಲಸವೇ.

ವಾರನ್ ನೋಡಿದ್ದನ್ನೆಲ್ಲ ಬರೆದುಕೊಂಡ. ಅದು 1804ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯಿತು. ನಾಲ್ಕೇ ಪುಟ. ಆಮೇಲೆ ಎಷ್ಟೋ ವರ್ಷ ಹೆಚ್ಚು ಜನ ಅದರ ಕಡೆ ನೋಡಲಿಲ್ಲ.

1871ರಲ್ಲಿ ಅದು ಲ್ಯಾವೆಲ್ ಎಂಬವನ ಕೈಗೆ ಸಿಕ್ಕಿತು. ಐರ್ಲೆಂಡಿನವನು, ಸೈನ್ಯ ಬಿಟ್ಟು ಬೆಂಗಳೂರಿನಲ್ಲಿದ್ದ. ಓದಿದ. ಎತ್ತಿನ ಗಾಡಿ ಕಟ್ಟಿಸಿಕೊಂಡು ಕೋಲಾರದ ಕಡೆ ಹೊರಟ. 1873ರಲ್ಲಿ ಗಣಿ ತೋಡಲು ಮೈಸೂರು ಸರ್ಕಾರದಿಂದ ಅನುಮತಿ ಪಡೆದ. ಅವನ ಹತ್ತಿರ ಅಷ್ಟು ಹಣ ಇರಲಿಲ್ಲ. ಕೆಲಸ ಬೇರೆಯವರ ಕೈ ಸೇರಿತು. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂತು. ಮುಂದಿನದು ನಮ್ಮ ಅಜ್ಜ ಅಜ್ಜಿಯರು ಕಂಡ ಕಥೆ. ಸುಮಾರು 120 ವರ್ಷದಲ್ಲಿ 800 ಟನ್ನಿನಷ್ಟು ಚಿನ್ನ ಹೊರಗೆ ಹೋಯಿತು. ಎಷ್ಟೋ ಜನಕ್ಕೆ ಗಣಿ ದೂಳಿನಿಂದ ಎದೆ ಕಾಯಿಲೆ ಬಂತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಸೈನೈಡ್ ಗುಡ್ಡಗಳು ಉಳಿದವು.

ಕೆಲಸ ಬಲ್ಲವರು ಉರಿಗಾಂ ಹೆಂಗಸರು. ಬರೆಯಬಲ್ಲವನು ವಾರನ್. ಅವನ ಹೆಸರು ಇವತ್ತಿಗೂ ಇದೆ. ಆ ಹೆಂಗಸರಲ್ಲಿ ಒಬ್ಬರ ಹೆಸರೂ ನಮಗೆ ಉಳಿದಿಲ್ಲ.

ವಾರನ್, ಲ್ಯಾವೆಲ್ ಇಬ್ಬರೂ ಯೂರೋಪಿನವರು. ಅಲ್ಲಿ ಅಚ್ಚಿನ ಪುಸ್ತಕ ಶುರುವಾಗಿ ಆಗಲೇ ನೂರಾರು ವರ್ಷ ಆಗಿತ್ತು. ಅಲ್ಲಿನ ಕೆಲವು ಪುಸ್ತಕಗಳು ರಾಜರನ್ನೂ ಗುರುಗಳನ್ನೂ ಅಲ್ಲಾಡಿಸಿದವು. ಅವುಗಳಲ್ಲಿ ಒಂದು ನಮ್ಮ ದೇಶದ ಹೆಣ್ಣುಮಕ್ಕಳ ಶಾಲೆಗೂ ದಾರಿ ಮಾಡಿತು. ಅದನ್ನು ಈಗ ನೋಡೋಣ.

ಜನರ ಭಾಷೆಗೆ ಬಂದ ಪುಸ್ತಕ

ಮೊದಲು ಯೂರೋಪಿನಲ್ಲೂ ಪುಸ್ತಕ ಅಂದರೆ ಕೈಬರಹ. ಒಂದು ಪ್ರತಿ ಬರೆಯಲು ತಿಂಗಳುಗಟ್ಟಲೆ ಬೇಕು. ಬೆಲೆ ಕೇಳುವ ಹಾಗಿಲ್ಲ. ಜರ್ಮನಿಯ ಗುಟೆನ್‌ಬರ್ಗ್ ಎಂಬವನು ಸೀಸದ ಅಚ್ಚುಮೊಳೆ ಜೋಡಿಸಿ ಮುದ್ರಿಸುವುದನ್ನು ಕಂಡುಹಿಡಿದ. ಸುಮಾರು 1455ರಲ್ಲಿ ಬೈಬಲ್ ಮುದ್ರಿಸಿದ. ಆದರೆ ಅದು ಲ್ಯಾಟಿನ್ ಭಾಷೆಯಲ್ಲಿತ್ತು. ಓದಿದ ಗುರುಗಳಿಗೆ ಮಾತ್ರ ಗೊತ್ತಿದ್ದ ಭಾಷೆ ಅದು. ಹೊಲದಲ್ಲಿ ದುಡಿಯುವವರಿಗೆ ಏನೂ ತಿಳಿಯದು. ಗುರುಗಳು ಹೇಳಿದ್ದೇ ಸರಿ.

ಆಗ ಒಂದು ಪದ್ಧತಿ ಇತ್ತು. ದುಡ್ಡು ಕೊಟ್ಟು ಚೀಟಿ ಕೊಂಡರೆ ಪಾಪದ ಶಿಕ್ಷೆ ಕಡಿಮೆ ಆಗುತ್ತದೆ ಅಂತ ಹೇಳಿ ಮಾರುತ್ತಿದ್ದರು. ಮಾರ್ಟಿನ್ ಲೂಥರ್ ಎಂಬ ಸನ್ಯಾಸಿ 1517ರಲ್ಲಿ ಇದನ್ನು ಪ್ರಶ್ನೆ ಮಾಡಿದ. ಪ್ರಶ್ನೆ ಮಾಡಿ ಸುಮ್ಮನಾಗಲಿಲ್ಲ. ಬೈಬಲ್ಲನ್ನು ಜನ ಮಾತಾಡುವ ಜರ್ಮನ್ ಭಾಷೆಗೆ ತಂದ. ಹೊಸ ಒಡಂಬಡಿಕೆ 1522ರಲ್ಲಿ ಬಂತು, ಪೂರ್ತಿ ಬೈಬಲ್ 1534ರಲ್ಲಿ. ಜನ ತಾವೇ ಓದಿದರು. ಓದಿದ ಮೇಲೆ ಪ್ರಶ್ನೆ ಕೇಳಿದರು. ಕ್ರೈಸ್ತ ಧರ್ಮದಲ್ಲಿ ಹೊಸ ಪಂಥಗಳು ಹುಟ್ಟಿದವು. ಯುದ್ಧಗಳೂ ಆದವು, ರಕ್ತವೂ ಹರಿಯಿತು. ಅದನ್ನು ಮುಚ್ಚಿಡುವ ಹಾಗಿಲ್ಲ.

ಒಂದು ಮಾತು ಇಲ್ಲಿ ಹೇಳಲೇಬೇಕು. ದೇವರ ವಿಚಾರವನ್ನು ಆಡುವ ಮಾತಿನಲ್ಲಿ ಹೇಳುವುದನ್ನು ನಮ್ಮ ಬಸವಣ್ಣ, ಅಕ್ಕಮಹಾದೇವಿ ಇವರೆಲ್ಲ ಲೂಥರನಿಗಿಂತ ಮುನ್ನೂರು ವರ್ಷಕ್ಕೂ ಮೊದಲೇ ಮಾಡಿದ್ದರು. ಆದರೆ ಅವರ ಕಾಲಕ್ಕೆ ಅಚ್ಚಿನ ಯಂತ್ರ ಇರಲಿಲ್ಲ.

ಸುತ್ತುವುದು ಯಾವುದು?

ದಿನಾ ಸೂರ್ಯ ಹುಟ್ಟುತ್ತಾನೆ, ಮುಳುಗುತ್ತಾನೆ. ನೋಡಿದರೆ ಸೂರ್ಯನೇ ಸುತ್ತಿದ ಹಾಗೆ ಕಾಣುತ್ತದೆ. ಅಲ್ಲ, ಭೂಮಿಯೇ ಸೂರ್ಯನನ್ನು ಸುತ್ತುತ್ತದೆ ಅಂತ ಕೊಪರ್ನಿಕಸ್ ಬರೆದ ಪುಸ್ತಕ 1543ರಲ್ಲಿ ಬಂತು. ಅದನ್ನು ಓದಿ ಅರ್ಥ ಮಾಡಿಕೊಂಡವರು ಕಡಿಮೆ. 1632ರಲ್ಲಿ ಇಟಲಿಯ ಗೆಲಿಲಿಯೋ ಇದೇ ವಿಚಾರವನ್ನು ತನ್ನ ಜನರ ಭಾಷೆಯಲ್ಲಿ, ಮೂವರು ಕೂತು ಮಾತಾಡಿದ ಹಾಗೆ ಬರೆದ. ಮರುವರ್ಷವೇ ವಿಚಾರಣೆ. ಮುದುಕನನ್ನು ಸಾಯುವವರೆಗೆ ಮನೆಯಲ್ಲೇ ಬಂಧಿಸಿಟ್ಟರು. ಪುಸ್ತಕ ನಿಷೇಧವಾಯಿತು. ಭೂಮಿ ಮಾತ್ರ ಸುತ್ತುತ್ತಲೇ ಇತ್ತು.

ನಿಜ ಹೇಳಿದ ಪುಸ್ತಕವನ್ನು ನಿಷೇಧಿಸಿದ್ದು ಹೀಗೆ. ಸುಳ್ಳು ಹೇಳಿದ ಪುಸ್ತಕ ಚೆನ್ನಾಗಿ ಮಾರಾಟ ಆದದ್ದೂ ಉಂಟು. ಜರ್ಮನಿಯ ಹಿಟ್ಲರ್ 1925ರಲ್ಲಿ ಒಂದು ಪುಸ್ತಕ ಹೊರಗೆ ತಂದ. ದೇಶದ ಕಷ್ಟಕ್ಕೆಲ್ಲ ಯೆಹೂದಿ ಜನರೇ ಕಾರಣ ಅಂತ ಬರೆದ. ಲಕ್ಷಾಂತರ ಜನ ಕೊಂಡರು. ಅವನು ಅಧಿಕಾರಕ್ಕೆ ಬಂದ ಮೇಲೆ ಸುಮಾರು 60 ಲಕ್ಷ ಯೆಹೂದಿಗಳ ಕೊಲೆ ಆಯಿತು. ಅಚ್ಚಾಗಿದೆ ಅಂತ ನಂಬುವುದಲ್ಲ, ಕೇಳಿ ನೋಡಬೇಕು.

ಹೊಲಿಗೆಯವನ ಮಗ ಬರೆದದ್ದು

ಇಂಗ್ಲೆಂಡಿನಲ್ಲಿ ಥಾಮಸ್ ಪೇಯ್ನ್ ಎಂಬವನಿದ್ದ. ತಂದೆ ಹೆಂಗಸರ ಉಡುಪು ಹೊಲಿಯುವವನು. ಮಗನೂ ಅದೇ ಕಸುಬು ಕಲಿತ. 1791ರಲ್ಲಿ ಅವನು ‘ಮನುಷ್ಯನ ಹಕ್ಕುಗಳು’ ಎಂಬ ಪುಸ್ತಕ ಬರೆದ. ಹುಟ್ಟಿನಿಂದ ಎಲ್ಲರೂ ಸಮಾನರು, ಅಪ್ಪನ ಆಸ್ತಿಯ ಹಾಗೆ ರಾಜ್ಯ ಮಗನಿಗೆ ಬರುವುದು ನ್ಯಾಯ ಅಲ್ಲ ಅನ್ನುವುದು ಅದರ ಸಾರ. ಮಾತು ಸರಳ, ಬೆಲೆ ಕಡಿಮೆ. ಓದು ಬಾರದವರು ಗುಂಪು ಕೂಡಿ, ಒಬ್ಬರಿಂದ ಓದಿಸಿ ಕೇಳಿದರು. ನಮ್ಮಲ್ಲಿ ಅರಳಿಕಟ್ಟೆಯ ಮೇಲೆ ಭಾರತ ಓದಿಸುವ ಹಾಗೆ. ಸರ್ಕಾರ ಹೆದರಿತು. ಅವನ ಮೇಲೆ ಮೊಕದ್ದಮೆ ಹಾಕಿತು. ವಿಚಾರಣೆ ನಡೆಯುವಷ್ಟರಲ್ಲಿ ಅವನು ಫ್ರಾನ್ಸಿಗೆ ಹೋಗಿಯಾಗಿತ್ತು.

ಮರುವರ್ಷ, 1792ರಲ್ಲಿ, ಅದೇ ಇಂಗ್ಲೆಂಡಿನ ಮೇರಿ ವುಲ್‌ಸ್ಟನ್‌ಕ್ರಾಫ್ಟ್ ಇನ್ನೊಂದು ಪುಸ್ತಕ ಬರೆದಳು. ಗಂಡಸಿನ ಹಕ್ಕಿನ ಮಾತಾಯಿತು, ಹೆಣ್ಣಿನದು ಎಲ್ಲಿ ಅಂತ ಕೇಳಿದಳು. ಹೆಣ್ಣಿಗೆ ಬುದ್ಧಿ ಕಡಿಮೆ ಇಲ್ಲ, ಓದಿಸದೆ ಬಿಟ್ಟಿದ್ದಾರೆ, ಅದೇ ಕೊರತೆ ಅಂತ ವಾದ ಮಾಡಿದಳು. ಈ ಮಾತು ಕೇಳಿ ಎಷ್ಟೋ ಗಂಡಸರು ನಕ್ಕರು. 1797ರಲ್ಲಿ ಹೆರಿಗೆಯಾದ ಹನ್ನೊಂದು ದಿನದಲ್ಲಿ ಮೇರಿ ಸತ್ತಳು. ಆಗ ವಯಸ್ಸು 38. ಇಂಗ್ಲೆಂಡಿನ ಹೆಂಗಸರಿಗೆ ಗಂಡಸರ ಸಮಕ್ಕೆ ಓಟು ಸಿಕ್ಕಿದ್ದು 1928ರಲ್ಲಿ. ನಮ್ಮ ಸಂವಿಧಾನ 1950ರಲ್ಲಿ ಜಾರಿಗೆ ಬಂತು. ಗಂಡು, ಹೆಣ್ಣು ಎಲ್ಲರಿಗೂ ಅದು ಒಂದೇ ಸಲಕ್ಕೆ ಓಟು ಕೊಟ್ಟಿತು.

ಪುಣೆಯ ಶಾಲೆ

ಪೇಯ್ನ್ ಬರೆದ ಪುಸ್ತಕ ಹಡಗು ಹತ್ತಿ ನಮ್ಮ ದೇಶಕ್ಕೂ ಬಂತು. ಪುಣೆಯಲ್ಲಿ ಜ್ಯೋತಿಬಾ ಫುಲೆ ಎಂಬ ಯುವಕ ಇದ್ದರು. ಹೂವು ಬೆಳೆಯುವ ಮಾಲಿ ಜಾತಿಯವರು. ಸುಮಾರು 1847ರಲ್ಲಿ ಅದನ್ನು ಓದಿದರು. ಹುಟ್ಟಿನಿಂದ ಎಲ್ಲರೂ ಸಮಾನರಾದರೆ ನಮ್ಮಲ್ಲಿ ಮೇಲುಜಾತಿ ಕೀಳುಜಾತಿ ಯಾಕೆ, ಹೆಣ್ಣಿಗೆ ಅಕ್ಷರ ಯಾಕಿಲ್ಲ ಅನ್ನುವ ಪ್ರಶ್ನೆ ಅವರಲ್ಲಿ ಬೇರು ಬಿಟ್ಟಿತು. ಮರುವರ್ಷ, 1848ರಲ್ಲಿ, ಪುಣೆಯಲ್ಲಿ ಹೆಣ್ಣುಮಕ್ಕಳಿಗೆ ಶಾಲೆ ತೆರೆದರು.

ಪಾಠ ಹೇಳಲು ಹೆಂಗಸು ಬೇಕಲ್ಲ? ಹೆಂಡತಿ ಸಾವಿತ್ರಿಬಾಯಿ ಮುಂದೆ ಬಂದರು. ಒಂಬತ್ತನೇ ವಯಸ್ಸಿಗೆ ಮದುವೆಯಾಗಿ ಬಂದಾಗ ಅವರಿಗೆ ಓದು ಬರಹ ಗೊತ್ತಿರಲಿಲ್ಲ. ಗಂಡನ ಮನೆಗೆ ಬಂದ ಮೇಲೆ, ಕೆಲಸದ ಜೊತೆಗೆ ಕಲಿತವರು. ಶಾಲೆಗೆ ಹೋಗುವ ದಾರಿಯಲ್ಲಿ ಜನ ಅವರ ಮೇಲೆ ಸಗಣಿ, ಮಣ್ಣು ಎರಚುತ್ತಿದ್ದರು. ಅದಕ್ಕೇ ಚೀಲದಲ್ಲಿ ಇನ್ನೊಂದು ಸೀರೆ ಇಟ್ಟುಕೊಂಡು ಹೋಗುತ್ತಿದ್ದರು. ಶಾಲೆಯಲ್ಲಿ ಸೀರೆ ಬದಲಾಯಿಸಿ ಪಾಠಕ್ಕೆ ನಿಲ್ಲುತ್ತಿದ್ದರು.

ಮುಂದೆ ಅವರೂ ಪುಸ್ತಕ ಬರೆದರು. ವಾರನ್ ಬರಹ ಅಚ್ಚಾಗಿ ಐವತ್ತು ವರ್ಷಕ್ಕೆ, 1854ರಲ್ಲಿ, ಸಾವಿತ್ರಿಬಾಯಿಯವರ ಕವನಗಳು ಅಚ್ಚಾದವು. ಪುಸ್ತಕದ ಹೆಸರಿನಲ್ಲೇ ಅವರ ಹೆಸರಿದೆ: ‘ಕಾವ್ಯ ಫುಲೆ’.