ಕಥೆಯ ಸಿಂಹ, ಕಾಡಿನ ಕೊಂಡುಕುರಿ

ಜಗಳೂರು ತಾಲ್ಲೂಕಿನ ಶಾಲಾ ಮಗುವೊಂದನ್ನು ‘ಕಾಡಿನ ರಾಜ ಯಾರು?’ ಎಂದು ಕೇಳಿದರೆ ‘ಸಿಂಹ’ ಎಂಬ ಉತ್ತರ ಥಟ್ಟನೆ ಬರುತ್ತದೆ. ಕರ್ನಾಟಕದ ಯಾವ ಕಾಡಿನಲ್ಲೂ ಸಿಂಹವಿಲ್ಲ. ದೇಶದಲ್ಲಿ ಅದು ಸ್ವತಂತ್ರವಾಗಿ ಉಳಿದಿರುವುದು ಗುಜರಾತಿನ ಗಿರ್ ಮತ್ತು ಅದರ ಸುತ್ತಮುತ್ತ ಮಾತ್ರ. ಆದರೂ ಮಗುವಿಗೆ ಸಿಂಹದ ಸಿಟ್ಟು ಗೊತ್ತು. ಪುಟ್ಟ ಮೊಲದ ಮಾತು ನಂಬಿ ಅದು ಬಾವಿಗೆ ಹಾರಿದ್ದೂ ಗೊತ್ತು. ಅದೇ ತಾಲ್ಲೂಕಿನ ರಂಗಯ್ಯನದುರ್ಗದ ಕುರುಚಲು ಕಾಡಿನಲ್ಲಿ ನಾಲ್ಕು ಕೊಂಬಿನ ಪ್ರಾಣಿಯೊಂದು ಬದುಕಿದೆ. ಕೊಂಡುಕುರಿ ಎಂದು ಅದರ ಹೆಸರು. ಸುಮಾರು 77 ಚದರ ಕಿಲೋಮೀಟರ್ ಪ್ರದೇಶವನ್ನು ಅದರ ಹೆಸರಿನಲ್ಲೇ ವನ್ಯಜೀವಿಧಾಮವೆಂದು ಸರ್ಕಾರ 2011ರಲ್ಲಿ ಘೋಷಿಸಿತು. ಮಕ್ಕಳ ಪುಸ್ತಕಗಳಲ್ಲಿ ಮಾತ್ರ ಅದರ ಚಿತ್ರ ಕಾಣುವುದೇ ಅಪರೂಪ.

ಹೀಗಾದದ್ದು ಹೇಗೆ? ಉತ್ತರಕ್ಕಾಗಿ ಸುಮಾರು ಸಾವಿರ ವರ್ಷ ಹಿಂದಕ್ಕೆ ಹೋಗಬೇಕು.

ಕನ್ನಡದ ‘ಪಂಚತಂತ್ರ’ವನ್ನು ಬರೆದ ದುರ್ಗಸಿಂಹ ಚಾಲುಕ್ಯ ಅರಸ ಜಗದೇಕಮಲ್ಲ ಜಯಸಿಂಹನ ಆಸ್ಥಾನದಲ್ಲಿ ಸಂಧಿವಿಗ್ರಹಿಯಾಗಿದ್ದವನು. ಅಂದರೆ ಯುದ್ಧ, ಸಂಧಾನಗಳ ವ್ಯವಹಾರ ನೋಡುತ್ತಿದ್ದ ಅಧಿಕಾರಿ. ಅವನ ಕೃತಿಯ ಕಾಲ ಸುಮಾರು ಕ್ರಿ.ಶ. 1031. ಬಹುಪಾಲು ಭಾಷೆಗಳಿಗೆ ಹರಡಿದ್ದು ವಿಷ್ಣುಶರ್ಮನ ಹೆಸರಿನ ಪರಂಪರೆಯಾದರೆ, ದುರ್ಗಸಿಂಹ ಅನುಸರಿಸಿದ್ದು ವಸುಭಾಗಭಟ್ಟನನ್ನು. ಇಂದು ಮಕ್ಕಳ ಕಥೆ ಎಂದು ಬದಿಗಿಡುವ ಈ ಗ್ರಂಥ ಹುಟ್ಟಿದ್ದು ಮಕ್ಕಳಿಗಾಗಿ ಅಲ್ಲ, ರಾಜ್ಯ ಆಳಬೇಕಾದವರಿಗಾಗಿ. ಕಾಡಿನಲ್ಲಿ ಒಡೆಯ ಬಿಟ್ಟುಹೋದ ಎತ್ತು, ಅದರ ಗೆಳೆತನ ಬಯಸಿದ ಸಿಂಹ, ನಡುವೆ ನಿಂತು ಚಾಡಿ ಹೇಳುವ ನರಿ: ದರ್ಬಾರಿನ ಒಳಸಂಚು ಕಂಡವನಿಗೇ ಇಷ್ಟು ಖಚಿತವಾಗಿ ಹೇಳಲು ಸಾಧ್ಯ. ಅಲ್ಲಿನ ನರಿಗೆ ನಾಲ್ಕು ಕಾಲಿವೆ ಎಂಬುದನ್ನು ಬಿಟ್ಟರೆ ಅದು ಪೂರ್ತಿ ಮಂತ್ರಿಯೇ. ನರಿ ಎಲ್ಲಿ ಮರಿ ಹಾಕುತ್ತದೆ, ಏನು ತಿನ್ನುತ್ತದೆ ಎಂಬ ಪ್ರಶ್ನೆ ಕಥೆಗೆ ಬೇಕಿರಲಿಲ್ಲ.

ಪ್ರಾಣಿಯನ್ನು ಪ್ರಾಣಿಯಾಗಿಯೇ ನೋಡಿದ ಹಳಗನ್ನಡ ಪುಸ್ತಕಗಳೂ ಇದ್ದವು. ಚಾಲುಕ್ಯ ಮನೆತನದ ಕೀರ್ತಿವರ್ಮ ಹನ್ನೆರಡನೇ ಶತಮಾನದ ಆರಂಭದಲ್ಲಿ ರಚಿಸಿದ ‘ಗೋವೈದ್ಯ’ ದನಕರುಗಳ ರೋಗ, ಮದ್ದುಗಳನ್ನು ಕುರಿತದ್ದು. ಮದ್ದಿನ ಜೊತೆಗೆ ಮಂತ್ರವೂ ಸೇರಿದೆ, ಆ ಮಾತು ಬೇರೆ. ಪದ್ಮಣ ಪಂಡಿತ 1627ರಲ್ಲಿ ಕುದುರೆಗಳ ಬಗ್ಗೆ ‘ಹಯಸಾರ ಸಮುಚ್ಚಯ’ ಬರೆದ. ಇವೆಲ್ಲ ಸಾಕುವವರ ಪುಸ್ತಕಗಳು. ಈ ಬಗೆಯ ತಿಳಿವಳಿಕೆ ಊರುಗಳಲ್ಲಿ ಇನ್ನೂ ಜೀವಂತ. ಹೊನ್ನಾಳಿ, ನ್ಯಾಮತಿ ಕಡೆ ದೀಪಾವಳಿಯ ನಂತರ ಹೋರಿ ಬೆದರಿಸುವ ಹಬ್ಬ ನಡೆಯುವಾಗ ಕೊಬ್ಬರಿ ಹಾರ, ಬಲೂನು ಕಟ್ಟಿಕೊಂಡು ಓಡುವ ಹೋರಿಯ ಸುಳಿ, ಕೊಂಬು, ಹಲ್ಲುಗಳನ್ನು ಅಳೆದು ಮಾತನಾಡುವ ಹುಡುಗರು ಯಾವ ಗ್ರಂಥವನ್ನೂ ಓದಿದವರಲ್ಲ.

ಆದರೆ ಕಾಡುಪ್ರಾಣಿಯ ವಿಷಯದಲ್ಲಿ ಕಥೆಯೇ ಗೆದ್ದಿತು. ಪುಣ್ಯಕೋಟಿಯ ಗೋವಿನ ಹಾಡು ಇದಕ್ಕೆ ದೊಡ್ಡ ಸಾಕ್ಷಿ. ತಲೆಮಾರುಗಳ ಮಕ್ಕಳು ಕಣ್ಣೀರಿಟ್ಟು ಓದಿದ ಆ ಕಥೆಯಲ್ಲಿ ಹುಲಿ ಕೊನೆಗೆ ನಾಚಿ ಪ್ರಾಣ ಬಿಡುತ್ತದೆ. ಸತ್ಯದ ಪಾಠಕ್ಕೆ ಅದು ಸರಿ. ಹಸಿದ ಹುಲಿ ದನ ಹಿಡಿಯುವುದು ತಪ್ಪು ಎಂಬ ಭಾವವೂ ಅದರ ಜೊತೆಯಲ್ಲೇ ಎಳೆಯ ಮನಸ್ಸಿಗೆ ಇಳಿಯುತ್ತದೆ.

ಇಪ್ಪತ್ತನೇ ಶತಮಾನದಲ್ಲಿ ದಿಕ್ಕು ಬದಲಾಯಿತು. ಶಿವರಾಮ ಕಾರಂತರ ‘ಬಾಲ ಪ್ರಪಂಚ’ 1936ರಲ್ಲಿ ಮಕ್ಕಳ ಕೈಗೆ ನೀತಿಯ ಬದಲು ಮಾಹಿತಿಯನ್ನು ಕೊಟ್ಟಿತು. ಬಹುಕಾಲದ ನಂತರ ಕೆ.ಪಿ. ಪೂರ್ಣಚಂದ್ರ ತೇಜಸ್ವಿಯವರು ಬಂದರು. ‘ಕರ್ವಾಲೊ’ (1980) ಕಾದಂಬರಿಯಲ್ಲಿ ಹಾರುವ ಓತಿಯ ಬೆನ್ನು ಹತ್ತಿದ್ದು ಪಂಡಿತರೊಬ್ಬರೇ ಅಲ್ಲ. ಜೇನು ಕೀಳುವ ಮಂದಣ್ಣನೂ ಇದ್ದ. ‘ಪರಿಸರದ ಕತೆ’ (1991)ಯಲ್ಲಿ ಕಿವಿ ಎಂಬ ನಾಯಿಯ ತಂಟೆ, ಪ್ರೀತಿಗಳನ್ನು ಓದಿದವರು ಮರೆಯಲಾರರು. ಇವು ಮಕ್ಕಳಿಗೋ ದೊಡ್ಡವರಿಗೋ ಎಂದು ಕೇಳಿದರೆ ಅಂಗಡಿಯವನಿಗೂ ಹೇಳಲು ಬಾರದು. ಅಪ್ಪ ಓದಿ ಮುಗಿಸುವುದನ್ನು ಮಗಳು ಕಾಯುವ ಪುಸ್ತಕಗಳಿವು.

ತೇಜಸ್ವಿಯವರ ಇನ್ನೊಂದು ಕೆಲಸ ಈ ಭಾಗದ ಓದುಗರಿಗೆ ತೀರ ಹತ್ತಿರದ್ದು. ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಬೇಟೆಗಾರ ಕೆನೆತ್ ಆಂಡರ್ಸನ್ (1910–1974) ಇಂಗ್ಲಿಷಿನಲ್ಲಿ ಬರೆದ ಅನುಭವಗಳನ್ನು ಅವರು ‘ಕಾಡಿನ ಕಥೆಗಳು’ ಎಂಬ ನಾಲ್ಕು ಭಾಗಗಳಲ್ಲಿ ಕನ್ನಡಕ್ಕೆ ತಂದರು. ಅವುಗಳಲ್ಲೊಂದು ‘ಜಾಲಹಳ್ಳಿಯ ಕುರ್ಕ’. ಚಿರತೆಗೆ ಹಳ್ಳಿಗರು ಹೇಳುವ ‘ಕುರ್ಕ’ ಎಂಬ ಪದವನ್ನೇ ಶೀರ್ಷಿಕೆಗೆ ಎತ್ತಿದ್ದರಲ್ಲೇ ಅನುವಾದದ ಜಾಣ್ಮೆ ಕಾಣುತ್ತದೆ. ಆಂಡರ್ಸನ್ 1954ರಲ್ಲಿ ಪ್ರಕಟಿಸಿದ ಮೊದಲ ಪುಸ್ತಕದಲ್ಲಿ ಹೊಸದುರ್ಗ–ಹೊಳಲ್ಕೆರೆಯ ನರಭಕ್ಷಕ ಹುಲಿಯ ಕಥೆಯಿದೆ. ಹೊಳಲ್ಕೆರೆ ಚನ್ನಗಿರಿಗೆ ಪಕ್ಕದ ತಾಲ್ಲೂಕು. ಕಥೆಯ ಹುಲಿ ಮೊದಲ ಬಾರಿಗೆ ಬಸ್ಸಿನ ಬೋರ್ಡಿನಲ್ಲಿರುವ ಊರಿಗೆ ಬಂದಿತು.

ಈ ಕಥೆಗಳಿಗೂ ಒಂದು ಮಿತಿಯಿದೆ. ಬೇಟೆಗಾರನ ಲೇಖನಿಗೆ ಸಿಗುವುದು ಮನುಷ್ಯನ ತಂಟೆಗೆ ಬಂದ ಪ್ರಾಣಿ ಮಾತ್ರ. ಕೋವಿ ಬಿಟ್ಟು ದುರ್ಬೀನು, ಕ್ಯಾಮೆರಾ ಹಿಡಿದವರು ಬರೆಯತೊಡಗಿದ ಮೇಲೆ ಅದೂ ಸಡಿಲವಾಯಿತು. ಕೃಪಾಕರ–ಸೇನಾನಿ ಜೋಡಿಯ ‘ಕೆನ್ನಾಯಿಯ ಜಾಡಿನಲ್ಲಿ’ ಓದಿದವರಿಗೆ, ಕಾಡಿನ ಪೀಡೆಯೆಂದೇ ಹಿಂದೆ ಕೊಲ್ಲಲಾಗುತ್ತಿದ್ದ ಕೆನ್ನಾಯಿಗಳು ಕುಟುಂಬಸ್ಥರಂತೆ ಕಾಣುತ್ತವೆ.

ಈ ಓದು ಕೇವಲ ಹೊತ್ತು ಕಳೆಯುವ ವಿಷಯವಲ್ಲ. ಭದ್ರಾ ಕಾಡಿನ ಕಡೆಯ ಆನೆಗಳು ಚನ್ನಗಿರಿ, ಹೊನ್ನಾಳಿ ಸೀಮೆಯ ತೋಟ, ಹೊಲಗಳಿಗೆ ಇಳಿಯುವುದುಂಟು. 2023ರಲ್ಲಿ ಇಲ್ಲಿ ಜೀವಹಾನಿಯೂ ಆಗಿ, ಆನೆ ಹಿಡಿಯಲು ಅರಣ್ಯ ಇಲಾಖೆ ಕಾರ್ಯಾಚರಣೆ ನಡೆಸಬೇಕಾಯಿತು. ಶಿಶುಗೀತೆಯ ಪುಸ್ತಕಗಳಲ್ಲಿ ಬಾಳೆಹಣ್ಣು ತಿಂದು ಸೊಂಡಿಲೆತ್ತುವ ದೇವಸ್ಥಾನದ ಆನೆಯನ್ನಷ್ಟೇ ಕಂಡ ಮಗುವಿಗೆ, ರಾತ್ರಿ ಅಡಿಕೆ ತೋಟದಲ್ಲಿ ನಿಂತ ಒಂಟಿ ಸಲಗದಿಂದ ದೂರ ಇರಬೇಕೆಂದು ಯಾವ ಪುಸ್ತಕ ಹೇಳಿತು?

ಕೊಂಡುಕುರಿಯ ಅಪಾಯ ಇದಕ್ಕೆ ತಿರುಗುಮುರುಗು. ಅದರಿಂದ ಯಾರಿಗೂ ತೊಂದರೆಯಿಲ್ಲ, ಆದ್ದರಿಂದಲೇ ಅದರ ಕಥೆಯಿಲ್ಲ. ಹೆಸರಿನಲ್ಲಿ ಕುರಿ ಇದ್ದರೂ ಅದು ಹುಲ್ಲೆಯ ಬಳಗ. ಎತ್ತರ ಸುಮಾರು ಎರಡು ಅಡಿ, ತೂಕ ಇಪ್ಪತ್ತು ಕಿಲೋ ಆಸುಪಾಸು. ಕೊಂಬು ಗಂಡಿಗೆ ಮಾತ್ರ: ಕಿವಿಗಳ ನಡುವೆ ಒಂದು ಜೊತೆ, ಹಣೆಯ ಮೇಲೆ ಮೊಳಕೆಯಂತಹ ಇನ್ನೊಂದು ಪುಟ್ಟ ಜೊತೆ. ಕಾಡುಪ್ರಾಣಿಗಳಲ್ಲಿ ನಾಲ್ಕು ಕೊಂಬು ಇರುವುದು ಇದಕ್ಕೊಂದಕ್ಕೇ. ಈ ವಿಶೇಷವೇ ಹಿಂದೆ ಬೇಟೆಗಾರರ ಗೋಡೆಗೆ ಅದರ ತಲೆಯನ್ನು ಏರಿಸಿತು. ಭಾರತ, ನೇಪಾಳ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹುಲಿ, ಆನೆಗಳ ಸಾಲಿನಲ್ಲೇ, ಮೊದಲ ಅನುಸೂಚಿಯಲ್ಲಿ, ಇದನ್ನೂ ಇರಿಸಿದೆ.

ಜಿಂಕೆಯಂತೆ ಹಿಂಡು ಕಟ್ಟಿ ಕಣ್ಣಿಗೆ ಬೀಳುವ ಸ್ವಭಾವ ಇದರದಲ್ಲ. ಒಂಟಿಯಾಗಿ, ಹೆಚ್ಚೆಂದರೆ ಜೋಡಿಯಾಗಿ, ಪೊದೆ, ಎತ್ತರದ ಹುಲ್ಲುಗಳ ಮರೆಯಲ್ಲಿ ಇರುತ್ತದೆ. ಮರಿಯನ್ನೂ ಅಲ್ಲೇ ಅಡಗಿಸುತ್ತದೆ. ನೀರು ಆಗಾಗ ಬೇಕು, ಆದ್ದರಿಂದ ಹಳ್ಳ, ಕಟ್ಟೆಗಳಿಂದ ಬಹುದೂರ ಹೋಗದು. ಬರಕ್ಕೆ ಹೆಸರಾದ ಜಗಳೂರಿನಲ್ಲಿ ಬೇಸಿಗೆಯ ಕಟ್ಟೆಯೊಂದು ಬತ್ತಿದರೆ, ಹುಲ್ಲಿಗೆ ಬೆಂಕಿ ಬಿದ್ದರೆ, ಅದಕ್ಕೆ ಅಡಗುವ ಜಾಗವೂ ಹೋಯಿತು, ಕುಡಿಯುವ ನೀರೂ ಹೋಯಿತು. ಆ ಕಾಡಂಚಿನಲ್ಲಿ ದನ, ಕುರಿ ಮೇಯಿಸುವವರ ಮಕ್ಕಳೇ ನಾಳೆ ಬೆಂಕಿ ಹಚ್ಚುವವರು ಅಥವಾ ಆರಿಸುವವರು.

ಕಣ್ಣಿಗೆ ಕಾಣದ ಈ ಪ್ರಾಣಿಗೆ ಒಂದು ಅಭ್ಯಾಸವುಂಟು. ದಿನವೂ ಹಿಕ್ಕೆ ಹಾಕಲು ಅದೇ ಅದೇ ಜಾಗಕ್ಕೆ ಬರುತ್ತದೆ. ಕಾಡಿನಲ್ಲಿ ಅದನ್ನು ಹುಡುಕುವವರು ನೋಡುವುದು ನಾಲ್ಕು ಕೊಂಬನ್ನಲ್ಲ. ಪೊದೆಯ ಪಕ್ಕದಲ್ಲಿ ಗುಡ್ಡೆಯಾಗಿ ಬಿದ್ದ ಆ ಹಿಕ್ಕೆಯನ್ನು.