ವರ್ಜನ ಪಥ್ಯಕ್ಕೆ ತಕ್ಕ ತಿಳಿಸಾರು

ಹೊಟ್ಟೆಯುಬ್ಬರ, ಪದೇ ಪದೇ ಭೇದಿ, ಮೈಮೇಲೆ ದದ್ದು ಮುಂತಾದ ತೊಂದರೆಗಳು ಬಹುಕಾಲ ಬಿಡದೆ ಕಾಡಿದಾಗ ವೈದ್ಯರು ಕೆಲವರಿಗೆ ವರ್ಜನ ಪಥ್ಯವನ್ನು ವಿಧಿಸುವುದುಂಟು. ಅದೇನೆಂದರೆ, ಸಂಶಯವುಳ್ಳ ಪದಾರ್ಥಗಳನ್ನು ಎರಡರಿಂದ ಆರು ವಾರಗಳವರೆಗೆ ಪೂರ್ತಿಯಾಗಿ ಬಿಟ್ಟು, ತೊಂದರೆಯು ಶಮನವಾದ ತರುವಾಯ ಒಂದೊಂದನ್ನಾಗಿ ಪುನಃ ಸೇವಿಸಿ, ಯಾವುದು ಮೈಗೆ ಒಗ್ಗದೆಂಬುದನ್ನು ಕಂಡುಕೊಳ್ಳುವ ಕ್ರಮ. ಕ್ಯಾಲಿಫೋರ್ನಿಯದ ಡಾಕ್ಟರ್ ಆಲ್ಬರ್ಟ್ ರೋ ಎಂಬವರು 1920ರ ದಶಕದಲ್ಲಿ ಇದನ್ನು ಪ್ರಚಾರಕ್ಕೆ ತಂದರು. ಹಾಲು, ಮೊಟ್ಟೆ, ಗೋಧಿ, ಕಡಲೆಕಾಯಿ, ಸೋಯಾ ಅವರೆ, ಎಳ್ಳು, ಗೋಡಂಬಿ, ಮೀನು, ಸೀಗಡಿ ಇವೇ ಸಾಮಾನ್ಯವಾಗಿ ಸಂಶಯಕ್ಕೆ ಗುರಿಯಾಗತಕ್ಕವು.

ಇಂಥ ದಿನಗಳಲ್ಲಿ ರೋಗಿಗೆ ಅನ್ನವೂ ತಿಳಿಸಾರೂ ಆಧಾರ. ಆದರೆ ಬಿಡಬೇಕಾದ ಪದಾರ್ಥವು ಮನೆಯವರಿಗೆ ತಿಳಿಯದಂತೆ ಒಳಹೊಗುವುದೂ ಸಾರಿನ ಮೂಲಕವೇ. ತೊಗರಿಬೇಳೆಯ ಕಟ್ಟು ಬಹಳ ಹಗುರವೆಂದು ನಮ್ಮ ಮನೆಗಳಲ್ಲಿ ನಂಬಿಕೆಯುಂಟು. ವಾಯುವಿನಿಂದ ನರಳುವವರ ವಿಷಯದಲ್ಲಿ ಇದು ಸರಿಯಲ್ಲ. ಬೇಳೆಯಲ್ಲಿ ವಾಯುವನ್ನುಂಟುಮಾಡುವ ಸಕ್ಕರೆಯ ಅಂಶಗಳು ಬೇಯಿಸಿದ ನೀರಿಗೆ ಇಳಿಯುವುದರಿಂದ, ಅವರಿಗೆ ಕಟ್ಟಿಗಿಂತಲೂ, ನೆನೆಸಿದ ನೀರನ್ನೂ ಬೇಯಿಸಿದ ನೀರನ್ನೂ ಚೆಲ್ಲಿ ಬಸಿದ ಸ್ವಲ್ಪ ಬೇಳೆಯೇ ಮೇಲು. ಈರುಳ್ಳಿ ಬೆಳ್ಳುಳ್ಳಿಗಳ ಸಂಗತಿಯೂ ಇದೇ. ಹೋಳುಗಳನ್ನು ಹೆಕ್ಕಿ ತೆಗೆದರೂ ಅವುಗಳ ಸಾರಾಂಶವು ನೀರಿನಲ್ಲಿ ಉಳಿಯುತ್ತದೆ. ಆದರೆ ಅದು ಎಣ್ಣೆಯಲ್ಲಿ ಕರಗದು. ಆದಕಾರಣ ಬೆಳ್ಳುಳ್ಳಿಯ ಇಡೀ ಎಸಳನ್ನು ಎಣ್ಣೆಯಲ್ಲಿ ಬಾಡಿಸಿ, ನೀರು ಹಾಕುವ ಮೊದಲೇ ಎಸಳನ್ನು ತೆಗೆದುಬಿಟ್ಟರೆ ಪರಿಮಳ ಮಾತ್ರ ದೊರೆಯುವುದು.

ಅಂಗಡಿಯ ಕೂಟು ಇಂಗಿನಲ್ಲಿ ಅನೇಕ ವೇಳೆ ಮೈದಾ ಬೆರೆತಿರುತ್ತದೆ. ಗೋಧಿಯನ್ನು ಬಿಟ್ಟವರು ಇದನ್ನೂ, ಇಂಗು ಹಾಕಿದ ಸಾರಿನ ಪುಡಿಯನ್ನೂ ಬಿಟ್ಟು, ಜೀರಿಗೆ, ಶುಂಠಿ, ಅಳತೆಯಿಂದ ಮೆಣಸು ಇವಿಷ್ಟರಿಂದ ತೃಪ್ತಿಪಡಬೇಕು. ಸಾರು ಮಂದವಾಗಬೇಕಾದರೆ ಅಕ್ಕಿಯ ಗಂಜಿಯೋ ರಾಗಿಯ ಹಿಟ್ಟೋ ಸಾಕು.

ಹಿಟ್ಟಿನ ಮಾತು ಬಂದಾಗ ಗ್ರಾಮದ ಮುಖಂಡರು ಲಕ್ಷ್ಯ ಕೊಡಬೇಕಾದುದೊಂದುಂಟು. ಸೀಲಿಯಾಕ್ ಎಂಬ ರೋಗವುಳ್ಳವರಿಗೆ ಗೋಧಿಯ ಅಲ್ಪಾಂಶವೂ ಕರುಳನ್ನು ಕೆಡಿಸುತ್ತದೆ. ಹಾಲೆಂಡಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ ಎಂಬವರಿಗೆ ಮೊದಲೇ ಗೋಧಿಯ ಮೇಲೆ ಸಂಶಯವಿತ್ತು. 1944-45ರ ಕ್ಷಾಮದ ಚಳಿಗಾಲದಲ್ಲಿ ರೊಟ್ಟಿ ದುರ್ಲಭವಾಗಿದ್ದ ಕಾಲದ ಅನುಭವವು ಅದನ್ನು ದೃಢಪಡಿಸಿತು. ರಾಗಿ, ಅಕ್ಕಿ, ಜೋಳ, ನವಣೆಗಳಲ್ಲಿ ಆ ದೋಷವಿಲ್ಲ. ಆದರೆ ಊರಿನ ಗಿರಣಿಯಲ್ಲಿ ಗೋಧಿ ಬೀಸಿದ ಕಲ್ಲಿಗೇ ರಾಗಿಯನ್ನು ಸುರಿದರೆ ಪಥ್ಯವು ಅಲ್ಲಿಯೇ ಕೆಟ್ಟಿತು. ಗಿರಣಿಯ ಯಜಮಾನನೊಡನೆ ಮಾತನಾಡಿ ರಾಗಿಗೆ ಬೇರೆ ಕಲ್ಲನ್ನು ಗೊತ್ತುಮಾಡಿಸುವುದು ಮುಖಂಡರಿಗೆ ಅಸಾಧ್ಯವಲ್ಲ. ಆಗದಿದ್ದಲ್ಲಿ ಮನೆಯ ಬೀಸುವ ಕಲ್ಲೇ ಗತಿ. ಇನ್ನೊಂದು ಎಚ್ಚರಿಕೆ: ಈ ರೋಗದ ರಕ್ತಪರೀಕ್ಷೆಯನ್ನು ಗೋಧಿ ತಿನ್ನುತ್ತಿರುವಾಗಲೇ ಮಾಡಿಸತಕ್ಕದ್ದು. ಮೊದಲೇ ಬಿಟ್ಟರೆ ಪರೀಕ್ಷೆಯಲ್ಲಿ ರೋಗವು ಕಾಣದೆ ಹೋಗಬಹುದು.

ಬೆಳೆಯುವ ಮಕ್ಕಳಿಗೂ ಗರ್ಭಿಣಿಯರಿಗೂ ವೈದ್ಯರ ಅಪ್ಪಣೆಯಿಲ್ಲದೆ ಈ ಪಥ್ಯವನ್ನು ಹಿಡಿಸಕೂಡದು. ಬರಿಯ ಸಾರನ್ನದಿಂದ ತಿಂಗಳುಗಟ್ಟಲೆ ಕಾಲ ನೂಕಿದರೆ ಮಕ್ಕಳು ಸೊರಗುವರು. ಯಾವುದಾದರೂ ಪದಾರ್ಥದಿಂದ ಹಿಂದೆ ಮುಖ ಊದಿಕೊಂಡು ಉಸಿರು ಕಟ್ಟಿದ್ದವರು ಅದನ್ನು ಮನೆಯಲ್ಲಿ ಮರಳಿ ತಿಂದು ನೋಡುವುದು ಪ್ರಾಣಾಪಾಯ. ಅಂಥ ಪರೀಕ್ಷೆಯು ಆಸ್ಪತ್ರೆಯಲ್ಲಿಯೇ ಆಗಬೇಕು. ಉಳಿದವರು ಒಂದು ಪದಾರ್ಥವನ್ನು ಸೇರಿಸಿದ ಮೇಲೆ ಎರಡು ಮೂರು ದಿನ ಕಾದು, ಕಂಡದ್ದನ್ನು ಪುಸ್ತಕದಲ್ಲಿ ಬರೆದಿಟ್ಟು, ಬಳಿಕ ಮುಂದಿನದಕ್ಕೆ ಕೈಹಾಕುವುದು ಕ್ರಮ.

ತರಕಾರಿಗಳ ಪೈಕಿ ಗಜ್ಜರಿ, ಎಳೆಯ ಸೋರೆ, ಹೀರೆ ಇವು ಸಾರಿಗೆ ಒದಗುತ್ತವೆ. ಸೋರೆ ಹೀರೆಗಳು ಹಿತ್ತಲಿನ ಬೇಲಿಯ ಮೇಲೆಯೇ ಹಬ್ಬಬಲ್ಲವು. ಕೊಯ್ದ ಕಾಯಿಯ ತುಣುಕೊಂದನ್ನು ನಾಲಗೆಗೆ ತಾಗಿಸಿ ನೋಡಿ, ಕಹಿಯೆನಿಸಿದರೆ ಉಗುಳಿ, ಕಾಯನ್ನು ಎಸೆದುಬಿಡಬೇಕು. ಆ ಕಹಿಯು ವಿಷವಾಗಿದ್ದು ಕುದಿಸಿದರೂ ಹೋಗುವುದಿಲ್ಲ. ಅಂಥ ಬಳ್ಳಿಯ ಬೀಜವನ್ನು ಮುಂದಿನ ಬಿತ್ತನೆಗೆ ಇಟ್ಟುಕೊಳ್ಳಲೂ ಬಾರದು.