ಮುಂಬಯಿ ಕಡಲಂಚಿನಲ್ಲಿ ಹಕ್ಕಿಗಳ ಗಣತಿ

ಮಳೆಗಾಲವು ಹಿಂದೆ ಸರಿದು ನವರಾತ್ರಿಯ ಉತ್ಸವಗಳು ಮುಗಿಯುವ ಹೊತ್ತಿಗೆ, ಅಕ್ಟೋಬರದ ಬೇಗೆಯಲ್ಲಿ ಮುಂಬಯಿಯ ಜನರು ಬೆವರೊರೆಸಿಕೊಳ್ಳುತ್ತಿರುವಾಗ, ಈ ನಗರದ ಸುತ್ತಲಿನ ಕೆಸರುಬಯಲುಗಳ ಮೇಲೆ ಸಾವಿರಗಟ್ಟಲೆ ಅತಿಥಿಗಳು ಬಂದಿಳಿಯುತ್ತಾರೆ. ಸೈಬೀರಿಯದ ಉತ್ತರ ತೀರ, ಮಧ್ಯ ಏಶಿಯದ ಹುಲ್ಲುಗಾವಲುಗಳು, ಲಡಾಖ ಮತ್ತು ಟಿಬೆಟಿನ ಎತ್ತರದ ಸರೋವರಗಳು ಇವುಗಳ ತವರು. ಇವನ್ನು ನಮ್ಮಂತೆಯೇ ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ವಲಸೆಗಾರರೆಂದು ಬಣ್ಣಿಸುವುದು ಸಭೆಯ ಭಾಷಣಕ್ಕೆ ಚೆಂದ. ಆದರೆ ನಾವು ಮತ್ಸ್ಯಗಂಧಾ ರೈಲಿನ ಟಿಕೆಟಿಗಾಗಿ ವಾರಗಟ್ಟಲೆ ಮೊದಲೇ ಪರದಾಡುವವರು. ೩೦ ಗ್ರಾಮೂ ತೂಗದ ಪುಟ್ಟ ಗದ್ದೆಗೊರವವು ಯಾರ ಅಪ್ಪಣೆಯನ್ನೂ ಕೇಳದೆ ಅರ್ಧ ಭೂಖಂಡವನ್ನು ದಾಟಿ ಬರುತ್ತದೆ. ಹೋಲಿಕೆಯನ್ನು ಅಲ್ಲಿಗೇ ಬಿಡುವುದು ಲೇಸು.

ಹೀಗೆ ಬಂದ ಹಕ್ಕಿಗಳನ್ನು ಒಂದೊಂದಾಗಿ ಎಣಿಸಿ ಬರೆದಿಡುವವರು ಈ ನಗರದಲ್ಲಿ ಇದ್ದಾರೆ. ರವಿವಾರದ ಮುಂಜಾನೆ ಶಿವಡಿಯ ಧಕ್ಕೆಯ ಮೇಲೆ ದುರ್ಬೀನು ಹಿಡಿದು ನಿಂತಿದ್ದ ಅಂಥ ಒಂದು ಗುಂಪನ್ನು ನೋಡಿ, ನಮ್ಮೊಡನಿದ್ದ ಉಡುಪಿ ಕಡೆಯ ಹಿರಿಯರೊಬ್ಬರು ತಡೆಯಲಾರದೆ ಕೇಳಿಯೇಬಿಟ್ಟರು: "ಇದನ್ನು ಎಣಿಸಿ ಸಿಗುವುದೇನು ಮಾರಾಯ್ರೇ?" ಗುಂಪಿನವರು ನಕ್ಕರು. ಆದರೆ ಪ್ರಶ್ನೆಯು ನಗೆಯ ಪ್ರಶ್ನೆಯಲ್ಲ. ಅದಕ್ಕೆ ನಮಗೆ ತಿಳಿದ ಮಟ್ಟಿಗೆ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇವೆ.

ಬರುವವುಗಳಿಗೆ ಒಂದು ಕ್ರಮವುಂಟು. ಮಳೆ ಇನ್ನೂ ಸುರಿಯುತ್ತಿರುವ ಆಗಸ್ಟಿನಲ್ಲಿಯೇ ಕೆಸರಿನಲ್ಲಿ ಹುಳ ಹೆಕ್ಕುವ ಗೊರವಗಳ ಮೊದಲ ತಂಡವು ಕಾಣಿಸಿಕೊಳ್ಳುತ್ತದೆ. ಇವು ಪ್ರಾಯದ ಹಕ್ಕಿಗಳು. ಕೆಲವುಗಳ ಎದೆಯ ಮೇಲೆ ಗೂಡುಗಾಲದ ಇಟ್ಟಿಗೆಗೆಂಪು ಇನ್ನೂ ಮಾಸಿರುವುದಿಲ್ಲ. ಆ ವರ್ಷ ಹುಟ್ಟಿದ ಮರಿಗಳು ಕೆಲವು ವಾರಗಳ ತರುವಾಯ ಬರುತ್ತವೆ. ತಾಯಿತಂದೆಗಳು ಮೊದಲೇ ಹೊರಟುಹೋಗಿರುವುದರಿಂದ, ಹಿಂದೆಂದೂ ಕಾಣದ ದಾರಿಯನ್ನು ಮರಿಗಳು ಹಿರಿಯರ ನೆರವಿಲ್ಲದೆಯೇ ಕ್ರಮಿಸಬೇಕು. ಅಕ್ಟೋಬರ, ನವೆಂಬರಗಳಲ್ಲಿ ಕಂದುತಲೆಯ ಕಡಲಕ್ಕಿಗಳು ಬಂದು ಮರೀನ್ ಡ್ರೈವಿನಿಂದ ಖಾಡಿಗಳವರೆಗೆ ಹರಡಿಕೊಳ್ಳುತ್ತವೆ. (ಇವಕ್ಕೆ ಗಾಠಿಯಾ, ಸೇವು ಎರಚುವ ಪುಣ್ಯಾತ್ಮರು ಬಹಳ. ಕರಿದ ತಿಂಡಿ ಹಕ್ಕಿಯ ಹೊಟ್ಟೆಗೆ ಹೇಳಿಸಿದ್ದಲ್ಲ ಎಂಬುದನ್ನು ಅವರಿಗೆ ಹೇಳುವವರು ಕಡಿಮೆ.) ಮರಾಠಿಗರು ರೋಹಿತವೆಂದು ಕರೆಯುವ ರಾಜಹಂಸಗಳು ಚಳಿಗಾಲದಲ್ಲಿ ಠಾಣೆ ಖಾಡಿಯನ್ನು ತುಂಬಿ ಬೇಸಗೆಯವರೆಗೂ ಉಳಿಯುತ್ತವೆ. ಶಿವಡಿಯಲ್ಲಿ ಅವು ದೊಡ್ಡ ಸಂಖ್ಯೆಯಲ್ಲಿ ಸೇರತೊಡಗಿದ್ದು ೧೯೯೦ರ ದಶಕದಲ್ಲಿ.

ಎಣಿಕೆಯ ಕೆಲಸವು ನೋಡುವಷ್ಟು ಸುಲಭವಲ್ಲ. ಮೊದಲು ಉಬ್ಬರವಿಳಿತದ ಪಟ್ಟಿಯನ್ನು ನೋಡಬೇಕು. ನೀರು ಪೂರ್ತಿ ಇಳಿದಾಗ ಹಕ್ಕಿಗಳು ನೀರಿನ ಅಂಚನ್ನು ಹಿಂಬಾಲಿಸಿ ದೂರ ದೂರ ಚದುರಿ ಚುಕ್ಕೆಗಳಾಗುತ್ತವೆ. ನೀರು ಪೂರ್ತಿ ಏರಿದಾಗ ಕೆಸರೇ ಉಳಿಯದೆ ಎದ್ದು ಹೋಗುತ್ತವೆ. ಏರುನೀರು ಅವುಗಳನ್ನು ದಡದತ್ತ ತಳ್ಳಿ ತರುವ ಒಂದೆರಡು ತಾಸುಗಳೇ ಎಣಿಸುವವನ ಮುಹೂರ್ತ. ಆಗಲೂ ಐದು ಸಾವಿರ ಹಕ್ಕಿಗಳನ್ನು ಒಂದು, ಎರಡು ಎಂದು ಎಣಿಸಲಾಗದು. ಹತ್ತು ಹಕ್ಕಿಗಳನ್ನು ಎಣಿಸಿ ಅಷ್ಟು ಗುಂಪು ಎಷ್ಟು ಜಾಗ ಹಿಡಿಯುತ್ತದೆಂದು ಕಣ್ಣಿಗೆ ಅಭ್ಯಾಸ ಮಾಡಿಸಿ, ಅದನ್ನು ನೂರಕ್ಕೆ ಬೆಳೆಸಿ, ಆ ನೂರರ ತುಂಡಿನಿಂದ ಇಡೀ ಹಿಂಡನ್ನು ಅಳೆಯುತ್ತಾರೆ. ನಮ್ಮ ಕಡೆ ಅಡಿಕೆಯ ರಾಶಿಯನ್ನು ಕಂಡೊಡನೆ ಅನುಭವಿಗಳು ಇಷ್ಟು ಮಣವೆಂದು ಹೇಳುವಂತೆ. ಇಬ್ಬರು ಬೇರೆಬೇರೆಯಾಗಿ ಎಣಿಸಿ ತಾಳೆ ನೋಡುವುದುಂಟು. ನಡುವೆ ಒಂದು ಗಿಡುಗ ಸುಳಿಯಿತೆಂದರೆ ಇಡೀ ಹಿಂಡು ಎದ್ದು ಗಾಳಿಯಲ್ಲಿ ತಿರುವು ಹಾಕುತ್ತದೆ. ಲೆಕ್ಕವು ಮತ್ತೆ ಮೊದಲಿನಿಂದ.

ಶರತ್ಕಾಲದ ಗಣತಿಗೆ ಇನ್ನೊಂದು ತೊಡಕಿದೆ. ಜಲಪಕ್ಷಿಗಳ ದೊಡ್ಡ ಏಶಿಯಾ ಗಣತಿಯು ೧೯೮೭ರಿಂದ ಪ್ರತಿ ಜನವರಿಯಲ್ಲಿ ನಡೆಯುತ್ತಿದೆ. ಜನವರಿಯ ಹಕ್ಕಿಯು ಬಿಡಾರ ಹೂಡಿದ ಗೃಹಸ್ಥ. ಇಂದು ಕಂಡದ್ದು ನಾಳೆಯೂ ಅಲ್ಲಿಯೇ ಇರುತ್ತದೆ. ಶರತ್ಕಾಲದ್ದು ಪ್ರಯಾಣಿಕ. ಇಂದು ಶಿವಡಿಯಲ್ಲಿ ಕಂಡ ಹಿಂಡು ನಾಳೆ ದಕ್ಷಿಣಕ್ಕೆ ಹೊರಟಿರಬಹುದು, ಅದೇ ಜಾಗದಲ್ಲಿ ಬೇರೊಂದು ಹಿಂಡು ಇಳಿದಿರಬಹುದು. ಆದುದರಿಂದ ಒಂದು ದಿನದ ಸಂಖ್ಯೆಗೆ ಇಲ್ಲಿ ಬೆಲೆಯಿಲ್ಲ. ಅದೇ ಜಾಗ, ಅದೇ ಉಬ್ಬರ, ವಾರ ವಾರ, ವರ್ಷ ವರ್ಷ ಎಂಬ ಹಟವಿರಬೇಕು.

ಈ ಹಟದ ಹಿಂದೆ ಒಂದು ಇತಿಹಾಸವಿದೆ. ಅದರಲ್ಲಿ ಕನ್ನಡ ನಾಡಿಗೆ ಸಂಬಂಧಿಸಿದ ಅಧ್ಯಾಯವೊಂದಿರುವುದು ನಮ್ಮ ಓದುಗರಲ್ಲಿ ಅನೇಕರಿಗೆ ತಿಳಿದಿರಲಾರದು. ಕೋಟೆ ಭಾಗದಲ್ಲಿ ಲಯನ್ ಗೇಟಿನ ಎದುರಿಗಿರುವ ಹಾರ್ನ್‌ಬಿಲ್ ಹೌಸಿನ ಮುಂದೆ ನಮ್ಮವರೆಷ್ಟೋ ಮಂದಿ ದಿನವೂ ನಡೆದು ಹೋಗುತ್ತಾರೆ. ೧೮೮೩ರಲ್ಲಿ ಸ್ಥಾಪಿತವಾದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಮನೆ ಅದು. ಹಕ್ಕಿಗಳ ಕಾಲಿಗೆ ಅಂಕಿಯುಳ್ಳ ಉಂಗುರ ತೊಡಿಸಿ ಬಿಡುವ ಕೆಲಸವನ್ನು ಸೊಸೈಟಿಯು ೧೯೨೭ರಷ್ಟು ಹಿಂದೆಯೇ ಆರಂಭಿಸಿತ್ತಾದರೂ ಅದು ದೊಡ್ಡ ಪ್ರಮಾಣದಲ್ಲಿ ಬೆಳೆಯಲಿಲ್ಲ. ೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಕಾಡಿಗೆ ಹೋಗಿಬಂದ ಜನರು ಜ್ವರ ಹಿಡಿದು ಮಲಗಿದರು. ನಮ್ಮ ಜನ ಅದನ್ನು ಮಂಗನ ಕಾಯಿಲೆಯೆಂದು ಕರೆದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಪರೀಕ್ಷಿಸಿದಾಗ, ರೋಗಾಣುವು ರಷ್ಯದ ಕಾಡುಗಳಲ್ಲಿ ಮಿದುಳುಜ್ವರವನ್ನು ಹರಡುವ ರೋಗಾಣುವಿನ ನೆಂಟನೆಂದು ಕಂಡುಬಂತು. ಅಲ್ಲಿಯದು ಮಲೆನಾಡಿಗೆ ಹೇಗೆ ಬಂದೀತು? ಸೈಬೀರಿಯದಿಂದ ಬರುವ ಹಕ್ಕಿಗಳ ಮೈಮೇಲಿನ ಉಣ್ಣೆಗಳು ಹೊತ್ತು ತಂದಿರಬಹುದೇ?

ಉತ್ತರ ಹುಡುಕಬೇಕಾದರೆ ಯಾವ ಹಕ್ಕಿ ಎಲ್ಲಿಂದ, ಯಾವಾಗ, ಎಷ್ಟು ಬರುತ್ತದೆಂಬುದು ತಿಳಿಯಬೇಕು. ವಿಶ್ವ ಆರೋಗ್ಯ ಸಂಸ್ಥೆಯು ಹಣ ಕೊಟ್ಟಿತು, ೧೯೫೯ರಲ್ಲಿ ಡಾ. ಸಾಲಿಂ ಅಲಿಯವರ ನೇತೃತ್ವದಲ್ಲಿ ಸೊಸೈಟಿಯು ದೇಶದಲ್ಲೆಲ್ಲ ಬಲೆ ಕಟ್ಟಿ ಉಂಗುರ ತೊಡಿಸುವ ಕೆಲಸವನ್ನು ಕೈಗೊಂಡಿತು. ೧೯೩೯-೪೦ರಲ್ಲಿಯೇ ಮೈಸೂರು ಸೀಮೆಯ ಹಕ್ಕಿಗಳ ಸರ್ವೇಕ್ಷಣೆ ನಡೆಸಿದ್ದ ಸಾಲಿಂ ಅಲಿಯವರಿಗೆ ನಮ್ಮ ನಾಡು ಹೊಸದಾಗಿರಲಿಲ್ಲ. ಹಕ್ಕಿಗಳು ಆ ರೋಗವನ್ನು ತಂದುವೆಂಬುದಕ್ಕೆ ಪುರಾವೆ ಸಿಗಲಿಲ್ಲ. ಅದು ನಮ್ಮ ಘಟ್ಟದ ಕಾಡಿನ ಉಣ್ಣೆಗಳ ಮೂಲಕವೇ ಹರಡುವ ರೋಗ. ಹಕ್ಕಿಗಳ ಮೇಲಿನ ಆರೋಪವು ನಿಲ್ಲಲಿಲ್ಲ. ಆದರೆ ಆರೋಪದ ವಿಚಾರಣೆಗೆಂದು ಕಲೆಹಾಕಿದ ಮಾಹಿತಿಯಿಂದ ಭಾರತದ ಹಕ್ಕಿಗಳ ವಲಸೆಯ ಶಾಸ್ತ್ರಕ್ಕೆ ಬುನಾದಿ ಬಿತ್ತು. ಹಿರಿಯರ ಪ್ರಶ್ನೆಗೆ ಇದು ಒಂದು ಉತ್ತರವಾದೀತು.

ಗಿಡುಗಗಳ ಮಾತೇ ಬೇರೆ. ದೊಡ್ಡ ರೆಕ್ಕೆಯ ಬೇಟೆಹಕ್ಕಿಗಳು ಬಿಸಿಲಿಗೆ ಕಾದ ನೆಲದಿಂದೇಳುವ ಬಿಸಿಗಾಳಿಯನ್ನೇರಿ ತೇಲುತ್ತ ದಾರಿ ಸವೆಸುತ್ತವೆ. ಕಡಲಿನ ಮೇಲೆ ಆ ಗಾಳಿ ಸಾಕಷ್ಟು ಏಳುವುದಿಲ್ಲ. ಆದುದರಿಂದ ಅವು ನೆಲವನ್ನು ಬಿಡಲೊಲ್ಲವು. ಬೆಟ್ಟಕ್ಕೂ ಕಡಲಿಗೂ ನಡುವೆ ನೆಲ ಕಿರಿದಾಗುವಲ್ಲಿ ಅವೆಲ್ಲ ಒಂದೇ ಹೊಳೆಯಾಗಿ ಹರಿಯುತ್ತವೆ. ಕಪ್ಪು ಸಮುದ್ರದ ದಡದ ಬಟೂಮಿಯಲ್ಲಿ ಪ್ರತಿ ಶರತ್ಕಾಲ ಹತ್ತು ಲಕ್ಷಕ್ಕೂ ಮೇಲ್ಪಟ್ಟು ಬೇಟೆಹಕ್ಕಿಗಳನ್ನು ಎಣಿಸುತ್ತಾರೆ. ಅಲ್ಲಿಯ ನಿಯಮವೂ ಜಾಣತನದ್ದು: ಸುತ್ತುಹಾಕುತ್ತ ಮೇಲೇರುವ ಗುಂಪನ್ನು ಎಣಿಸಬಾರದು, ಅದು ತುದಿಯಿಂದ ಸಾಲಾಗಿ ಹೊರಬೀಳುವಾಗ ಎಣಿಸಬೇಕು. ಮುಂಬಯಿಯಲ್ಲಿ ಅಂಥ ಕಿರುದಾರಿಯಿಲ್ಲ. ಭಾಂಡುಪ, ಉರಣಗಳ ಜೌಗಿನ ಮೇಲೆ ತಗ್ಗಿ ಹಾರುವ ಸೆಳೆವಗಳು, ಖಾಡಿಯ ಗೂಟದ ಮೇಲೆ ಮೀನು ಹಿಡಿದು ಕೂರುವ ಮೀನುಗಿಡುಗ, ಇವೆಲ್ಲ ಒಂದೊಂದಾಗಿ, ಸದ್ದಿಲ್ಲದೆ ಬರುತ್ತವೆ.

ಒಂದು ಅಪವಾದವುಂಟು, ಅದು ಅದ್ಭುತವಾದದ್ದು. ಅಮೂರ್ ಚಾಣವೆಂಬುದು ಪಾರಿವಾಳಕ್ಕಿಂತಲೂ ಚಿಕ್ಕದಾದ, ೧೫೦ ಗ್ರಾಮಿನಷ್ಟು ತೂಗುವ ಬೇಟೆಹಕ್ಕಿ. ಚೀನ-ಸೈಬೀರಿಯಗಳ ಗಡಿಯ ಅಮೂರ್ ನದಿಯ ಸೀಮೆಯಿಂದ ಹೊರಟು ನಾಗಾಲ್ಯಾಂಡಿನಲ್ಲಿ ತಂಗಿ, ನವೆಂಬರದಲ್ಲಿ ಭಾರತವನ್ನು ಅಡ್ಡಹಾಯ್ದು ನಮ್ಮ ಪಶ್ಚಿಮ ತೀರಕ್ಕೆ ಬರುತ್ತದೆ. ಲೋಣಾವಳೆಯ ಘಟ್ಟದ ಅಂಚಿನಲ್ಲಿ ಆ ದಿನಗಳಲ್ಲಿ ಕಾದು ನಿಂತವರಿಗೆ ಕಾಣಲು ಸಿಗುವುದುಂಟು. ಮುಂದೆ ಅರಬ್ಬೀ ಸಮುದ್ರ. ಸುಮಾರು ೩,೦೦೦ ಕಿಲೋಮೀಟರ್, ಕಾಲೂರಲು ನೆಲವಿಲ್ಲ. ಈಶಾನ್ಯದ ಗಾಳಿಯನ್ನು ಬೆನ್ನಿಗಿಟ್ಟುಕೊಂಡು ಅದು ಸೊಮಾಲಿಯದತ್ತ ಹಾರುತ್ತದೆ. ಅದೇ ದಿನಗಳಲ್ಲಿ, ಅದೇ ಗಾಳಿಯಲ್ಲಿ, ನಮ್ಮ ಮಕ್ಕಳು ಏರೋಪ್ಲೇನ್ ಚಿಟ್ಟೆಯೆನ್ನುವ ಕೀಟಗಳೂ ಕಡಲು ದಾಟುತ್ತವೆ. ಚಾಣಕ್ಕೆ ಅವು ದಾರಿಯ ಬುತ್ತಿಯಾಗುತ್ತವೆಂದು ಕೆಲವು ವಿಜ್ಞಾನಿಗಳ ಊಹೆ. ೨೦೧೨ರಲ್ಲಿ ನಾಗಾಲ್ಯಾಂಡಿನ ದೋಯಾಂಗ್ ಜಲಾಶಯದ ಬಳಿ ಈ ಚಾಣಗಳನ್ನು ಬಲೆಯಲ್ಲಿ ಹಿಡಿದು ಕೊಂದದ್ದು ಲಕ್ಷಕ್ಕೂ ಹೆಚ್ಚೆಂದು ಅಂದಾಜು ಪ್ರಕಟವಾದಾಗ ಜಗತ್ತು ಬೆಚ್ಚಿತು. ಮರುವರ್ಷ ಅಲ್ಲಿಯ ಹಳ್ಳಿಗರೇ ಬಲೆಗಳನ್ನು ಮಡಿಚಿಟ್ಟರು. "ಬಹಳ ಹಕ್ಕಿ ಸತ್ತವು" ಎಂದಷ್ಟೇ ವರದಿಯಾಗಿದ್ದರೆ ಹೀಗಾಗುತ್ತಿತ್ತೇ ಎಂದು ನಾವು ಸಂದೇಹಪಡುತ್ತೇವೆ.

ಲೆಕ್ಕದ ಪುಸ್ತಕದ ಬಲಕ್ಕೆ ಇನ್ನೂ ಹಳೆಯ ನಿದರ್ಶನವೊಂದಿದೆ. ಅಮೇರಿಕದ ಪೆನ್ಸಿಲ್ವೇನಿಯದ ಬೆಟ್ಟವೊಂದರಲ್ಲಿ ಗಿಡುಗಗಳನ್ನು ಮೋಜಿಗೆ ಗುಂಡಿಕ್ಕುತ್ತಿದ್ದರು. ೧೯೩೪ರಲ್ಲಿ ರೋಸಲೀ ಎಡ್ಜ್ ಎಂಬ ಮಹಿಳೆ ಆ ಬೆಟ್ಟವನ್ನೇ ಗೇಣಿಗೆ ಪಡೆದು ರಕ್ಷಣೆಯಿಟ್ಟರು. ಎಣಿಕೆಯೂ ಆಗಲೇ ಆರಂಭವಾಯಿತು. ವರ್ಷಗಳ ಮೇಲೆ ಆ ಪುಸ್ತಕದಲ್ಲಿ ಬಿಳಿತಲೆಯ ಹದ್ದಿನ ಎಳೆಯ ಹಕ್ಕಿಗಳ ಪಾಲು ಕುಗ್ಗುತ್ತಿರುವುದು ಎದ್ದು ಕಂಡಿತು. ಡಿ.ಡಿ.ಟಿ. ಮುಂತಾದ ಕೀಟನಾಶಕಗಳ ಕೇಡನ್ನು ಕುರಿತು ೧೯೬೨ರಲ್ಲಿ ಬರೆದ ಪ್ರಸಿದ್ಧ ಗ್ರಂಥದಲ್ಲಿ ರೇಚಲ್ ಕಾರ್ಸನ್ ಆ ಅಂಕಿಗಳನ್ನು ಸಾಕ್ಷಿಯಾಗಿ ಬಳಸಿದರು.

ನಡುಗಡಲಿನ ಹಕ್ಕಿಗಳನ್ನು ದಡದಿಂದ ಎಣಿಸುವುದು ಕಷ್ಟ. ಮಳೆಗಾಲದ ಬಿರುಗಾಳಿಗೆ ಸಿಕ್ಕಿ ನಿತ್ರಾಣವಾಗಿ ಮುಂಬಯಿಯ ಕಡಲದಂಡೆಗೋ ಉಪನಗರದ ಅಂಗಳಕ್ಕೋ ಬಿದ್ದವುಗಳಿಂದಲೇ ಅನೇಕ ಜಾತಿಗಳ ಇರವು ತಿಳಿಯುವುದು. ಆದರೆ ಅವುಗಳನ್ನು ಬಲ್ಲ ಒಂದು ವರ್ಗ ನಮ್ಮಲ್ಲಿಯೇ ಇದೆ. ಉಡುಪಿ, ಮಲ್ಪೆ, ಮಂಗಳೂರು ಕಡೆಯಿಂದ ಬಂದ ಮೊಗವೀರ ಬಂಧುಗಳಿಗೆ ರೀವಗಳು ಗುಂಪಾಗಿ ನೀರಿಗೆ ಧುಮುಕುವಲ್ಲಿ ಬೂತಾಯಿಯೋ ಬಂಗುಡೆಯೋ ಇದೆಯೆಂಬುದು ಪುಸ್ತಕದಿಂದ ಬಂದ ವಿದ್ಯೆಯಲ್ಲ. ಈ ಹಿರಿಯರನ್ನು ಕೂರಿಸಿಕೊಂಡು ಕೇಳಿ ಬರೆದುಕೊಳ್ಳುವ ಕೆಲಸವನ್ನು ನಮ್ಮ ಸಂಘಗಳಲ್ಲಿ ಯಾವುದಾದರೂ ಕೈಗೊಂಡರೆ ಅದೊಂದು ಉಪಕಾರ.

ಇನ್ನು ಮುಂಬಯಿಯ ಮಾತು. ಇಲ್ಲಿ ಒಂದು ಚದರ ಗಜ ಕೆಸರಿಗೂ ಗಿರಾಕಿಯಿದ್ದಾನೆ. "ಅಲ್ಲಿ ಹಕ್ಕಿಗಳೆಂದೂ ಇರಲೇ ಇಲ್ಲ" ಎಂದು ಹೇಳುವವನಿಗೆ ಲೆಕ್ಕವೊಂದೇ ಉತ್ತರ. ಠಾಣೆ ಖಾಡಿಯ ಸುಮಾರು ೧,೬೯೦ ಹೆಕ್ಟೇರು ೨೦೧೫ರಲ್ಲಿ ರಾಜಹಂಸಗಳ ಅಭಯಾರಣ್ಯವಾಗಿ, ೨೦೨೨ರಲ್ಲಿ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ತಾಣವಾಗಿ ಘೋಷಿತವಾದುದರ ಹಿಂದೆ ಅನೇಕ ವರ್ಷಗಳ ಟಿಪ್ಪಣಿಗಳಿವೆ. ಶಿವಡಿಯ ಕೆಸರಿನ ಮೇಲಿಂದಲೇ ನ್ಹಾವಾ ಶೇವಾಕ್ಕೆ ಹೋಗುವ, ೨೦೨೪ರ ಜನವರಿಯಲ್ಲಿ ತೆರೆದ ಸೇತುವೆಯ ಕೆಲಸ ನಡೆದಾಗಲೂ ಸೊಸೈಟಿಯವರು ಹಕ್ಕಿಗಳನ್ನು ಎಣಿಸುತ್ತಲೇ ಇದ್ದರು.

ಆದರೂ ಖಾಡಿಯೊಂದನ್ನು ಉಳಿಸಿದರೆ ಸಾಲದು. ಉಬ್ಬರ ಬಂದು ಕೆಸರು ಮುಳುಗಿದಾಗ ಹಕ್ಕಿಗಳು ನವಿ ಮುಂಬಯಿಯ ಕೆರೆ, ಜೌಗು, ಉಪ್ಪಿನಗದ್ದೆಗಳಿಗೆ ಹೋಗಿ ನಿಲ್ಲಬೇಕು. ಉಣ್ಣುವ ಮನೆಯಿದ್ದು ಮಲಗುವ ಮನೆಯಿಲ್ಲದಿದ್ದರೆ ಬಾಳುವೆ ನಡೆಯದು. ಉರಣದ ಜೌಗುನೆಲಗಳು ಮಣ್ಣು ತುಂಬಿ ಕಿರಿದಾಗಿವೆ. ೨೦೨೪ರಲ್ಲಿ ನೆರೂಳದ ಕೆರೆಯೊಂದಕ್ಕೆ ಉಬ್ಬರದ ನೀರು ಬರುವ ಹಾದಿ ಕಟ್ಟಿಹೋಗಿ ಅದು ಒಣಗತೊಡಗಿದಾಗ ರಾಜಹಂಸಗಳು ಸತ್ತವು. ಅದೇ ವರ್ಷದ ಮೇ ತಿಂಗಳ ಒಂದು ರಾತ್ರಿ ಇಳಿಯುತ್ತಿದ್ದ ವಿಮಾನಕ್ಕೆ ಹಿಂಡೊಂದು ಸಿಕ್ಕಿ, ಘಾಟಕೋಪರದಲ್ಲಿ ೩೯ ರಾಜಹಂಸಗಳ ಕಳೇಬರಗಳು ದೊರೆತವು. ದೇಶದ ೯೪೨ ಜಾತಿಗಳನ್ನು ಪರಿಶೀಲಿಸಿದ ೨೦೨೩ರ ವರದಿಯು, ವಲಸೆ ಬರುವ ಗೊರವಗಳೂ ಬೇಟೆಹಕ್ಕಿಗಳೂ ಹೆಚ್ಚಾಗಿ ಇಳಿಮುಖವಾಗಿರುವ ಗುಂಪುಗಳಲ್ಲಿ ಸೇರಿವೆಯೆಂದು ತಿಳಿಸಿತು. ಆ ವರದಿಗೆ ಆಧಾರವನ್ನು ಒದಗಿಸಿದವರು ಸಂಬಳದ ವಿಜ್ಞಾನಿಗಳು ಮಾತ್ರವಲ್ಲ. ದೇಶದ ೩೦,೦೦೦ಕ್ಕೂ ಮಿಕ್ಕಿದ ಸಾಮಾನ್ಯ ಹಕ್ಕಿಗಾಹಿಗಳು. ಅವರಲ್ಲಿ ಗುಮಾಸ್ತರಿದ್ದಾರೆ, ಉಪಾಧ್ಯಾಯರಿದ್ದಾರೆ, ಶಾಲೆಯ ಮಕ್ಕಳಿದ್ದಾರೆ.

ನಮ್ಮ ಓದುಗರಲ್ಲಿ ಆಸಕ್ತಿಯುಳ್ಳವರು ಈ ಕೆಲಸಕ್ಕೆ ಕೈಹಚ್ಚಲು ದೊಡ್ಡ ಸಾಧನವೇನೂ ಬೇಡ. ಹಾರ್ಬರ್ ಲೈನಿನಲ್ಲಿ ಶಿವಡಿಯವರೆಗೆ ಒಂದು ಟಿಕೆಟು, ಸಾಧಾರಣ ದುರ್ಬೀನು, ಒಂದು ನೋಟುಪುಸ್ತಕ. ಭಾಂಡುಪ, ಮುಲುಂಡ, ಐರೋಲಿಗಳಲ್ಲಿ ವಾಸಿಸುವವರಿಗಂತೂ ಖಾಡಿಯು ಮನೆಯ ಬಾಗಿಲಲ್ಲೇ ಇದೆ. ಹೆಸರು ಗೊತ್ತಿಲ್ಲದ ಹಕ್ಕಿಯನ್ನು ಊಹಿಸಿ ಬರೆಯಬಾರದು. "ಚಿಕ್ಕ ಗೊರವ, ಸುಮಾರು ೨೦೦" ಎಂದು ಬರೆದರೆ ಸಾಕು. ತಾರೀಖು, ಹೊತ್ತು, ಜಾಗ, ಉಬ್ಬರವೋ ಇಳಿತವೋ ಎಂಬುದನ್ನು ತಪ್ಪದೆ ನಮೂದಿಸಬೇಕು. ಹೋದ ದಿನ ಒಂದು ಹಕ್ಕಿಯೂ ಕಾಣದಿದ್ದರೆ ಪುಟವನ್ನು ಖಾಲಿ ಬಿಡದೆ ಅಲ್ಲಿಯೂ ಸೊನ್ನೆಯೆಂದು ಬರೆಯಬೇಕು.